ಹಂದಿ ಜ್ವರದ ಟಿಕೆಟ್

ಹಂದಿ

ಹಂದಿ ಜ್ವರ ಬಂದ ವರ್ಷ ಮುಂಬೈ ಹತ್ತಿರದ ನಮ್ಮ ಡೊಂಬಿವ್ಲಿ ವಾರ್ಡಿನ ನಗರಸೇವಕರು, ಅಂದರೆ ಕಾರ್ಪೊರೇಟರ್, ಮೊದಲು ಮಾಡಿದ ಕೆಲಸ ಹಂದಿ ಹಿಡಿಸಿದ್ದು. ವಿಜಯಪುರದ ಕಡೆಯವರು. ಆ ಸಲ ವಿಧಾನಸಭೆಗೆ ಪಾರ್ಟಿ ಟಿಕೆಟ್ ಸಿಗಲೇಬೇಕೆಂದು ಹಟ ಹಿಡಿದಿದ್ದರು. ನಾನು ಅದೇ ವಾರ್ಡಿನ ಡಾಕ್ಟರ್. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದು, ಹಂದಿಯನ್ನು ಬಿಡಿ ಎಂದೆ. ತಾಳ್ಮೆಯಿಂದ ಕೇಳಿದರು.

"ಖರೇ ಐತ್ರಿ ಡಾಕ್ಟರ್ ಸಾಹೇಬ್ರ. ಆದ್ರ ವೈರಸ್ ಹಿಡಕೊಂಡ ಫೋಟೋ ತಗಸಾಕ ಬರತೈತೇನ್ರಿ?"

ಮರುದಿನ ಪೇಪರಿನಲ್ಲಿ ಹಂದಿಯ ಜೊತೆ ಅವರ ಫೋಟೋ ಬಂತು. ಇಬ್ಬರಲ್ಲಿ ಹಂದಿಯೇ ಹೆಚ್ಚು ಆರೋಗ್ಯವಾಗಿ ಕಂಡಿತು.

ಮೀಸೆ

ಆಮೇಲೆ ಮಾಸ್ಕ್. ಭಿವಂಡಿಯಿಂದ ಬಟ್ಟೆ ತರಿಸಿ ಹೊಲಿಸಿ, ಹಂಚಲು ನನ್ನ ದವಾಖಾನೆಗೇ ತಂದರು. ಅದರ ಮೇಲೆ ಅವರದೇ ಮೂಗು, ಮೀಸೆ, ನಗು ಅಚ್ಚಾಗಿತ್ತು. ಯಾರು ಹಾಕಿಕೊಂಡರೂ ಅರ್ಧ ನಗರಸೇವಕರು. ಬಟ್ಟೆ ತೆಳು, ಏನೂ ತಡೆಯುವುದಿಲ್ಲ ಎಂದೆ. ಉಸಿರಾಡಲು ಅನುಕೂಲ ಎಂದರು.

ಮೊದಲು ಬಂದದ್ದು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನವರ ಹೆಂಡತಿ. ತಿರುಗಿಸಿ ನೋಡಿ ಮೇಜಿನ ಮೇಲೇ ಇಟ್ಟರು.

"ಮನೆಯಲ್ಲಿರುವ ಮೀಸೆಯೇ ಸಾಕಾಗಿದೆ ಡಾಕ್ಟ್ರೇ. ಇನ್ನೊಂದು ಯಾರಿಗೆ ಬೇಕು ಮಾರಾಯ್ರೆ?"

ಸಭೆ

ಗುಂಪು ಸೇರಬೇಡಿ ಎಂದು ತಿಳಿಹೇಳಲು ಮೈದಾನದಲ್ಲಿ ಸಭೆ ಕರೆದರು. ಮುಖ್ಯ ಭಾಷಣ ನನ್ನದು. ಜನ ಎಷ್ಟು ಸೇರಿದ್ದರೆಂದರೆ ನನಗೆ ಒಳಗೆ ಹೋಗಲಾಗಲಿಲ್ಲ.

ಟಿಕೆಟ್

ಸಭೆಯ ನಂತರ ಅವರಿಗೇ ಜ್ವರ. ಟಿಕೆಟ್ ಕೊಡುವ ದೊಡ್ಡ ಸಾಹೇಬರನ್ನು ಥಾಣೆಯಲ್ಲಿ ನೋಡಬೇಕಾಗಿದ್ದ ದಿನ ಬೆಳಿಗ್ಗೆ ನನ್ನಲ್ಲಿಗೆ ಬಂದರು. ಗಂಟಲಿನ ಸ್ಯಾಂಪಲ್ ಪರೀಕ್ಷೆಗೆ ಕಳಿಸಿದೆ. ವರದಿ ಬರುವವರೆಗೆ ಮನೆ ಬಿಡಬೇಡಿ ಎಂದೆ. ಮಲೇರಿಯಾ ಅಂತ ಬರೆದುಕೊಡಿ ಎಂದು ಗೋಗರೆದರು. ಆಗುವುದಿಲ್ಲ ಎಂದೆ. ಟಿಕೆಟ್ ಹೋದರೆ ನನ್ನ ಶಾಪ ನಿಮಗೆ ತಟ್ಟುತ್ತದೆ ಎಂದರು. ತಟ್ಟಲಿ ಎಂದೆ.

ನೇರ ಥಾಣೆಗೇ ಹೋದರು. ಅಲ್ಲಿ ನಡೆದದ್ದು ಅವರ ಡ್ರೈವರ್ ಹೇಳಿದ್ದು. ಟಿಕೆಟ್ ಬೇಕಾದವರೆಲ್ಲ ಸಾಲಾಗಿ ಕೂತಿದ್ದರು. ನಮ್ಮವರು ಕೆಮ್ಮಿದರು. ಏನಾಯಿತು ಎಂದು ಪಕ್ಕದವರು ವಿಚಾರಿಸಿದರು. ನಮ್ಮವರು ಜೀವಮಾನದಲ್ಲಿ ಮೊದಲ ಸಲ ವೈಜ್ಞಾನಿಕವಾಗಿ ಮಾತಾಡಿದರು: ಹಂದಿ ಜ್ವರದ ಶಂಕೆ ಇದೆ, ವರದಿ ಬರಬೇಕು, ದಯವಿಟ್ಟು ದೂರ ಇರಿ. ಸಾಲು ಖಾಲಿಯಾಯಿತು. ದೊಡ್ಡ ಸಾಹೇಬರು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡು, ಗಾಜಿನ ಆಚೆಯಿಂದಲೇ ಏನು ಬೇಕೆಂದು ಕೇಳಿದರು. ಟಿಕೆಟ್ ಸಿಗುವ ತನಕ ಏಳುವುದಿಲ್ಲ ಎಂದು ನಮ್ಮವರು ಸೋಫಾದಲ್ಲಿ ಕೂತರು. ನಿನಗೇ ಕೊಟ್ಟೆ, ಮೊದಲು ಮನೆಗೆ ಹೋಗು, ವರದಿ ಬಂದ ಕೂಡಲೇ ಕಳಿಸು ಎಂದರಂತೆ ಸಾಹೇಬರು.

ವರದಿ ಬಂತು. ಬರೀ ನೆಗಡಿ. ನಗರಸೇವಕರು ಓದಿ ಬೆವರಿದರು.

"ನಾಮಿನೇಷನ್ ಫಾರಂ ತುಂಬೂತನಕ ಪಾಸಿಟಿವ್ ಇರ್ಲಿ ಬಿಡ್ರಿ ಸಾಹೇಬ್ರ. ಆಮ್ಯಾಲ ನಾನಾ ನೆಗೆಟಿವ್ ಆಗತೀನಿ."

ದೊಡ್ಡ ಸಾಹೇಬರಿಗೆ ನೆಗೆಟಿವ್ ಎಂದೇ ಕಳಿಸಿದೆ. ಸಂಜೆಗೆ ಟಿಕೆಟ್ ಪಕ್ಕದ ವಾರ್ಡಿನವರಿಗೆ ಹೋಯಿತು.