ಸುವಾಂದಿಯ ಹತ್ತನೆಯ ಪಾಠ

ಹತ್ತು ಪಾಠಗಳಲ್ಲಿ ಒಂಬತ್ತನ್ನು ಸುವಾಂದಿ ಚಹಾ ಆರುವಷ್ಟರಲ್ಲಿ ಮುಗಿಸಿದ್ದ. 'ಎಲ್ಲರನ್ನೂ ಒಳಗೊಳ್ಳುವ ಕಾರ್ಖಾನೆ' ಎಂಬ ಆ ತರಬೇತಿ ಫೋನಿನಲ್ಲೇ ಬರುತ್ತಿತ್ತು. 'ಹೌದು' ಒತ್ತಿದರೆ ಮುಂದಿನ ಪಾಠ ತೆರೆಯುತ್ತಿತ್ತು. ಹತ್ತನೆಯದು ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. 'ನಿಮ್ಮ ವಿಭಾಗದಲ್ಲಿ ಎಲ್ಲರಿಂದ ದೂರ ಉಳಿದವರು ಯಾರು? ಇಂದೇ ಅವರನ್ನು ಮಾತಾಡಿಸಿ. ನಿಮ್ಮ ಬಗ್ಗೆ ನಿಮಗೇನು ತಿಳಿಯಿತು, ಬರೆಯಿರಿ.'

'ಯಾರೂ ಇಲ್ಲ' ಎಂದು ಬರೆದ. ಫೋನು ಒಪ್ಪಲಿಲ್ಲ. ಅದಕ್ಕೆ ಹೆಸರು ಬೇಕಿತ್ತು.

ಇಂಡೊನೇಷ್ಯಾದ ಸಿದೊಆರ್ಜೊ ಊರಿನ ಆ ಸೀಗಡಿ ಹಪ್ಪಳದ ಕಾರ್ಖಾನೆಯಲ್ಲಿ ಸುವಾಂದಿ ಎರಡು ವರ್ಷದಿಂದ ಪ್ಯಾಕಿಂಗ್ ವಿಭಾಗದ ಹಂಗಾಮಿ ಮುಖ್ಯಸ್ಥ. ಸಂಜೆ ನಾಲ್ಕರೊಳಗೆ ಪಾಠ ಮುಗಿಸಿದರೆ ಕಾಯಂ. ಇಲ್ಲದಿದ್ದರೆ ಹಂಗಾಮಿಯೂ ಹೋಯಿತು.

ಅಲ್ಲಿ ಮರ್ಯಾದೆಗೆ ಹೆಂಗಸರನ್ನು 'ಇಬು', ಗಂಡಸರನ್ನು 'ಬಾಪಾಕ್' ಎನ್ನುತ್ತಾರೆ. ಕ್ಯಾಂಟೀನಿನ ಇಬು ತುಮಿನಿಯನ್ನು ಕೇಳಿದ್ದೇ ತಪ್ಪಾಯಿತು. "ನಮ್ಮಲ್ಲಿ ಮೂಲೆಗುಂಪಾದೋರು ಯಾರಾದ್ರೂ ಇದಾರಾ?"

"ಇರದೇ ಏನು! ನಾನೇ ಇಲ್ವಾ?" ಎಂದಳು ತುಮಿನಿ, ಸಾಂಬಾಲ್ ಚಟ್ನಿಯ ಸೌಟು ಎತ್ತಿ. "ನನ್ನ ಸೋಯಾಕಾಳಿನ ತೆಂಪೆ ಚೆನ್ನಾಗಿದೆ ಅಂತ ಒಂದಿನ ಬಾಯಿ ಬಿಟ್ಟಿದೀರಾ?"

"ಮತ್ತೆ ನಾನು?" ಎಂದ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ಗೇಟಿನ ಕಾವಲುಗಾರ. "ಎಂಟು ವರ್ಷದಿಂದ ಬುದಿ ಬುದಿ ಅಂತ ಕರೀತೀರ. ನನ್ನ ಹೆಸರು ಬೊವೊ, ಬಾಪಾಕ್, ಬೊವೊ!"

ಗಾಡಿ ಓಡಿಸುವ ಪಾರ್ದಿ ಮಾತ್ರ ಬುದ್ಧಿ ಹೇಳಿದ. "ಇವರನ್ನೆಲ್ಲ ಬಿಡಿ. ಲೆಸ್ತಾರಿ ಇದಾಳಲ್ಲ, ಕಿವಿ ಕೇಳಿಸದ ಹುಡುಗಿ. ಅವಳನ್ನ ಊಟಕ್ಕೆ ಕರೀರಿ. ಕೈಸನ್ನೆ ನಾನು ಹೇಳಿಕೊಡ್ತೀನಿ, ನಮ್ಮತ್ತಿಗೆಯ ತಮ್ಮನಿಗೂ ಕೇಳಿಸಲ್ಲ."

ಮುಷ್ಟಿ ಎರಡನ್ನೂ ಎದೆಯ ಮುಂದೆ ಅಡ್ಡಹಾಕಿ ಜೋರಾಗಿ ಬಿಡಿಸುವುದು, ಅಷ್ಟೇ. ಸುವಾಂದಿ ಕನ್ನಡಿಯ ಮುಂದೆ ಆರು ಸಲ ಅಭ್ಯಾಸ ಮಾಡಿ, ಮದುವೆ ಗಂಡಿನ ಹಾಗೆ ತಲೆ ಬಾಚಿಕೊಂಡು ಹೋಗಿ ಲೆಸ್ತಾರಿಯ ಎದುರು ನಿಂತ. ಮುಷ್ಟಿ ಅಡ್ಡಹಾಕಿದ. ಬಿಡಿಸಿದ.

ಲೆಸ್ತಾರಿ ಬೆಚ್ಚಿಬಿದ್ದು ತುರ್ತು ನಿಲುಗಡೆಯ ಕೆಂಪು ಹಿಡಿ ಎಳೆದಳು. ಪ್ಯಾಕಿಂಗ್ ಯಂತ್ರ ನಿಂತಿತು, ಸೈರನ್ ಕೂಗಿತು. ಕರಿಯುವ ಕಡೆಯಿಂದ ಬರುತ್ತಲೇ ಇದ್ದ ಹಪ್ಪಳ ಬೆಟ್ಟವಾಗಿ ಬೆಳೆದು ಮೇಲ್ವಿಚಾರಕರೊಬ್ಬರ ಮೊಣಕಾಲು ಮುಚ್ಚಿತು. ಐದು ನಿಮಿಷದಲ್ಲಿ ಇನ್ನೂರು ಮಂದಿ ಅಂಗಳದ ಬಿಸಿಲಲ್ಲಿ.

"ಓ, ಅದು 'ಅಪಾಯ' ಅನ್ನೋ ಸನ್ನೆ ಇರ್ಬೇಕು," ಎಂದ ಪಾರ್ದಿ, ತಲೆ ಕೆರೆದುಕೊಂಡು.

ಲೆಸ್ತಾರಿ ರಟ್ಟಿನ ಚೂರಿನ ಮೇಲೆ ಬರೆದು ತೋರಿಸಿದಳು: 'ಏನಾಯ್ತು?'

ಸುವಾಂದಿ ಬೆವರುತ್ತ ಬರೆದ: 'ಊಟಕ್ಕೆ ಕರೆದೆ.'

ಅವಳು ಓದಿ, ಇನ್ನೊಮ್ಮೆ ಓದಿ ಬರೆದಳು: 'ಹನ್ನೊಂದು ವರ್ಷದಲ್ಲಿ ಮೊದಲ ಸಲ. ಯಂತ್ರ ನಿಲ್ಲಿಸಬೇಕಾದ್ದೇ.'

ಸುವಾಂದಿಗೆ ನಗು ಬಂತು, ಅದರ ಹಿಂದೆಯೇ ನಾಚಿಕೆಯೂ. ಈ ಎರಡು ವರ್ಷ ಅವಳ ಮೇಜು ತಟ್ಟಿ, ಬೆರಳು ತೋರಿಸಿ ಕೆಲಸ ಹೇಳಿದ್ದನೇ ಹೊರತು ಅವಳಿಂದ ಒಂದು ಮಾತು ಕೇಳಿರಲಿಲ್ಲ. ಇಬ್ಬರೂ ಅಂಗಳದ ಮೂಲೆಯಲ್ಲಿ ಕೂತು ಒಂದೇ ಬುತ್ತಿಯ ಅನ್ನ ತಿಂದರು. ರಟ್ಟು ತುಂಬಿತು. ಹಪ್ಪಳ ಮುರಿಯದಂತೆ ಡಬ್ಬಿ ಜೋಡಿಸುವ ಉಪಾಯ ಅವಳ ಬಳಿ ನಾಲ್ಕು ವರ್ಷದಿಂದ ಇತ್ತಂತೆ, ಯಾರೂ ಕೇಳಿರಲಿಲ್ಲ.

ಇದನ್ನೆಲ್ಲ ಒಂದಕ್ಷರ ಮುಚ್ಚಿಡದೆ ಬರೆದು ಮೂರೂ ಐವತ್ತಕ್ಕೆ ಕಳಿಸಿದ. ನಾಲ್ಕಕ್ಕೆ ಸಿಬ್ಬಂದಿ ವಿಭಾಗದ ಇಬು ಹರ್ತಾತಿ ಕರೆಸಿದರು.

"ಓದಿ ಕಣ್ಣಲ್ಲಿ ನೀರು ಬಂತು ಬಾಪಾಕ್. ಇಡೀ ಕಾರ್ಖಾನೆಯಲ್ಲೇ ಒಳ್ಳೆ ಉತ್ತರ."

"ಹಾಗಾದ್ರೆ ಹುದ್ದೆ ಕಾಯಂ?"

ಹರ್ತಾತಿ ಕನ್ನಡಕ ತೆಗೆದರು. "ಈ ಪಾಠ ನಿಮಗೊಬ್ಬರಿಗೇ ಅಲ್ಲ, ಎಲ್ಲರಿಗೂ ಇತ್ತು. ನಿಮ್ಮ ವಿಭಾಗದ ಮೂವತ್ತೊಂದು ಜನವೂ ಒಂದೇ ಹೆಸರು ಬರೆದಿದಾರೆ."

"ಲೆಸ್ತಾರಿ ಅಂತ?"

"ಸುವಾಂದಿ ಅಂತ. ಲೆಸ್ತಾರಿಯೂ ಹಾಗೇ ಬರೆದಿದಾಳೆ, ಬೆಳಿಗ್ಗೆ ಏಳಕ್ಕೇ. ಎಲ್ಲರಿಂದ ದೂರ ಉಳಿದವರನ್ನ ಮುಖ್ಯಸ್ಥರನ್ನಾಗಿ ಮಾಡೋ ಹಾಗಿಲ್ಲ, ನಿಯಮ. ತರಬೇತಿಯ ಮುಂದಿನ ತಂಡದಲ್ಲಿ ಮೊದಲಿಂದ ಕಲೀರಿ." ಅವರು ಗಡಿಯಾರ ನೋಡಿದರು. "ಸದ್ಯ ಹೊರಗೆ ಹೋಗಿ. ಯಂತ್ರ ನಿಂತಿದ್ದಕ್ಕೆ ಪಾಠ ಮುಗಿಸೋಕೆ ಅವರಿಗೆಲ್ಲ ಐದರವರೆಗೆ ಸಮಯ ಕೊಟ್ಟಿದೀನಿ."

ಬಾಗಿಲಾಚೆ ಫೋನು ಹಿಡಿದ ಮೂವತ್ತೊಂದು ಜನರ ಸಾಲು. ಮೊದಲನೆಯವನು ಸುವಾಂದಿಯ ಭುಜದ ಮೇಲೆ ಕೈಯಿಟ್ಟು, ಮೃದುವಾಗಿ ಕೇಳಿದ:

"ಹೇಗಿದೀರಾ ಬಾಪಾಕ್? ಸ್ವಲ್ಪ ಬಿಡಿಸಿ ಹೇಳಿ, ಐವತ್ತು ಪದವಾದ್ರೂ ಆಗ್ಬೇಕು."