ನಾಲ್ಕು ಕಾಲ್ಬೆರಳಿನ ವ್ಯಾಯಾಮ ದಯಪಾಲಿಸಿದ ಆ್ಯಪಿಗೆ

ಮಾನ್ಯ ವ್ಯಾಯಾಮದ ಆ್ಯಪ್‌ನವರೇ,

ಸದಲಗಾದಿಂದ ಭೀಮಗೊಂಡ ಮಾಡುವ ಸಾಷ್ಟಾಂಗ ನಮಸ್ಕಾರಗಳು; ಸಾಷ್ಟಾಂಗಕ್ಕೆ ತಮ್ಮ ಅನುಮತಿ ಇಲ್ಲದ್ದರಿಂದ ಬರಹದಲ್ಲಷ್ಟೇ ಸ್ವೀಕರಿಸಬೇಕು. ತಮ್ಮ ಪರದೆಯಲ್ಲಿ ಬೆವರದೆ ಬೈಠಕ್ ಹೊಡೆಯುವ ಚಿರಂಜೀವಿ ಕುನಾಲನ ಮೊಣಕಾಲು ಕ್ಷೇಮವೇ? ನಗುನಗುತ್ತಾ ಬಗ್ಗಿ ಪಾದ ಮುಟ್ಟುವ ಸಾರಿಕಾಬಾಯಿಯ ಸೊಂಟ ಹೇಗಿದೆ? ಇಲ್ಲಿ ನನ್ನಾಕೆ ಮಂಗಲ, ತಮ್ಮನ್ನು ನನ್ನ ಫೋನಿಗೆ ಕರೆತಂದ ಮೊಮ್ಮಗಳು ಬ್ರಾಹ್ಮಿ, ಎಮ್ಮೆ ಸಹಿತ ಎಲ್ಲರೂ ಸುಖಿಗಳು. ನನ್ನ ಬಲ ಭುಜವೊಂದೇ ದುಃಖಿ.

ಕೊಟ್ಟಿಗೆಯಲ್ಲಿ ಜಾರಿ ಬಿದ್ದಂದಿನಿಂದ ಬಲಗೈ ಎದೆಯಿಂದ ಮೇಲೇರದು. ಬಸದಿಯಲ್ಲಿ ನಿಂತ ಭಗವಂತನ ತಲೆಯ ಮೇಲೆ ಹಾಲಿನ ಕಲಶ ಎತ್ತುವ ಅಭಿಷೇಕದ ಪಾಳಿ ನಮ್ಮ ಮನೆಗೆ ವರ್ಷಕ್ಕೊಮ್ಮೆ, ದೀಪಾವಳಿ ಅಮಾವಾಸ್ಯೆಗೆ ಬರುತ್ತದೆ. “ಅಜ್ಜಾರ, ಎಷ್ಟ ಏಳತೈತಿ ಅಷ್ಟ ಎತ್ತರಿ, ಸುಮ್ನ ಇಟ್ರ ಕೀಲ ಹಿಡಿತೈತಿ” ಎಂದು ನಿಪ್ಪಾಣಿಯ ಡಾಕ್ಟರು ಎಚ್ಚರಿಸಿದ್ದರಿಂದಲೇ ತಮ್ಮ ಪಾದ ಹಿಡಿದೆ.

ತಾವು ಕೇಳಿದಿರಿ: ‘ನಿಮಗಾದ ಗಾಯಗಳನ್ನು ಮುಚ್ಚಿಡದೆ ತಿಳಿಸಿ.’ ಅಂದು ನಮ್ಮ ಜೈನರ ಹತ್ತು ದಿನದ ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ. ಬೆಳಿಗ್ಗೆಯಷ್ಟೇ ಬಸದಿಯಲ್ಲಿ ಸುಳ್ಳಾಡೆನೆಂದು ಕೈಮುಗಿದು ಬಂದವನು ಹೇಗೆ ಮುಚ್ಚಿಡಲಿ? ಹುಣಸೆ ಮರದಿಂದ ಬಿದ್ದು ಉಳುಕಿದ ಮೊಣಕೈ, ಕುಸ್ತಿಯ ತಾಲೀಮಿನಲ್ಲಿ ಗೆಳೆಯ ಮಲಕಾರಿ ನನ್ನ ಮೇಲೆ ಕುಳಿತು ಮುರಿದ ಪಕ್ಕೆಲುಬು, ಕಬ್ಬಿನ ಕೂಳೆ ಹೊಕ್ಕ ಬಲ ಪಾದ, ಎಮ್ಮೆ ತುಳಿದ ಎಡಗಾಲ ಹೆಬ್ಬೆರಳು, ಹೀಗೆ ಅರವತ್ತು ವರ್ಷದ ಗಾಯಗಳನ್ನೆಲ್ಲ ನಿವೇದಿಸಿದೆ. ತಾವೋ ಕರುಣಾಸಾಗರರು, ಎಲ್ಲವೂ ನಿನ್ನೆ ಸಂಜೆಯೇ ಆದವೆಂದು ತಿಳಿದು ಒಂದೊಂದೇ ಅಂಗಕ್ಕೆ ರಜೆ ಕೊಡುತ್ತಾ ಬಂದಿರಿ. ಕೊನೆಗೆ ಉಳಿದದ್ದು ಉಸಿರಾಟ ಮತ್ತು ಎಡಗಾಲಿನ ನಾಲ್ಕು ಬೆರಳು. ಎರಡು ವಾರ ಅವನ್ನೇ ಆಡಿಸಿದೆ. ದಿನವೂ ತಾವು ‘ಅಭಿನಂದನೆಗಳು! ಗುರಿ ಮುಟ್ಟಿದಿರಿ’ ಎಂದು ಗಂಟೆ ಬಾರಿಸಿದಿರಿ. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ಹೊಗಳಿಕೆಯನ್ನು ನಾನು ಪಂಚಾಯಿತಿಯಲ್ಲೂ ಕಂಡಿಲ್ಲ.

ಮಂಗಲಳಿಗೆ ಮಾತ್ರ ತಮ್ಮ ಮೇಲೆ ಭಕ್ತಿ ಹುಟ್ಟಲಿಲ್ಲ. “ಏನ್ರೀ, ಮುನಿ ಮಹಾರಾಜ್ರು ಧ್ಯಾನಕ್ಕ ಕುಂತಂಗ ಮಿಸುಕಾಡದ ಬಿದ್ದೀರಿ! ಅಮಾಸಿಗೆ ಕಲಶ ಏನ್ ಕಾಲಬೆರಳಾಗ ಎತ್ತವ್ರೋ?” ಎಂದಳು. ಹಳೆಯ ಗಾಯಗಳನ್ನು ಅಳಿಸಹೋದರೆ ತಾವು ‘ಸಂಪೂರ್ಣ ವಾಸಿಯಾಗಿದೆಯೇ?’ ಎಂದು ಕೇಳಿದಿರಿ. ಚಳಿಗೆ ಹೆಬ್ಬೆರಳು ಈಗಲೂ ಜುಂ ಎನ್ನುವುದರಿಂದ ಇಲ್ಲವೆಂದೆ. ಮತ್ತೆ ಬೆರಳು, ಮತ್ತೆ ಗಂಟೆ.

ಆಗ ಆಕೆಯೇ ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬಲಗೈ ಬೆರಳುಗಳನ್ನು ಹಲ್ಲಿಯಂತೆ ಮೇಲಕ್ಕೆ ನಡೆಸಿ, ಏರಿದಲ್ಲಿಂದ ತುಸು ಮೇಲೆ ಮರುದಿನದ ಗುರಿಯಾಗಿ ಇದ್ದಿಲ ಗೆರೆ ಎಳೆದಳು. ದಿನಕ್ಕೊಂದು ಗೆರೆ. ಇಂದು ಕೈ ಹಣೆ ದಾಟಿದೆ. ಕಲಶದ ಎತ್ತರಕ್ಕೆ ಇನ್ನು ಒಂದು ಗೇಣು, ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ.

ಆದ್ದರಿಂದ ತಮ್ಮಲ್ಲಿ ವಿನಂತಿ: ‘ಎಷ್ಟು ಏಳುತ್ತದೋ ಅಷ್ಟು’ ಎಂಬ ಒಂದು ಸಾಲನ್ನು ತಮ್ಮ ಅಪಾರ ಬುದ್ಧಿಯಲ್ಲಿ ಎಲ್ಲಾದರೂ ಸೇರಿಸಿಕೊಳ್ಳಿ. ಅದಾಗದಿದ್ದರೆ ಅಮಾವಾಸ್ಯೆಯ ಮುಂಜಾನೆ ಸ್ನಾನ ಮಾಡಿ, ಮಡಿಯುಟ್ಟು, ತಾವೇ ಬಂದು ನಮ್ಮ ಮನೆಯ ಪಾಳಿ ನಡೆಸಿಕೊಡಿ.

ನಾಲ್ಕು ಬೆರಳಿನ ಮಟ್ಟಿಗೆ ತಮ್ಮ ವಿಶ್ವಾಸಿ,
ಭೀಮಗೊಂಡ

ತಾ.ಕ.: ಇಂದಿನ ಗೆರೆ ಮುಟ್ಟುವಾಗ ಭುಜ ಚೆನ್ನಾಗಿಯೇ ನೋಯಿತು. ತಮಗೆ ತಿಳಿಸಿಲ್ಲ, ಮಂಗಲಳಿಗೆ ಹೇಳಿದೆ, ನಾಳೆಯ ಗೆರೆಯನ್ನು ಅರ್ಧ ಬೆರಳು ಕೆಳಗೆ ಎಳೆಯುತ್ತಾಳಂತೆ. ನೋವೆಂದರೆ ಗೆರೆ ಅಳಿಸದೆ ತುಸು ಇಳಿಸುವ ಇಷ್ಟು ವಿದ್ಯೆ ತಮಗೂ ಬಂದರೆ ಬೇಗ ಉತ್ತರ ಬರೆಯಿರಿ.