ತುತ್ತಿ ಗಿಡದ ಕಾವಲು

ಅವಳು ಇಷ್ಟ ಎಂದಿದ್ದಳೇ, ಅಥವಾ ಬರೀ ‘ನಮ್ಮ ಹಿತ್ತಲದಾಗೂ ಇತ್ತು’ ಎಂದಿದ್ದಳೇ? ಬುಡಕ್ಕೆ ನೀರು ಹಾಕುತ್ತಾ ನೀಲಕಂಠಪ್ಪ ಮತ್ತೆ ಅದೇ ಯೋಚನೆಗೆ ಬಿದ್ದ. ಮದುವೆಯಾಗಿ ಧಾರವಾಡದ ಕಡೆಯಿಂದ ಮುಂಬಯಿಯ ಮಲಾಡಿನ ಚಾಳಿಗೆ ಬಂದ ಹೊಸದರಲ್ಲಿ, ರೈಲು ಹಳಿಯ ಪಕ್ಕ ತಾನಾಗಿ ಬೆಳೆದಿದ್ದ ತುತ್ತಿ ಗಿಡದ ಮುಂದೆ ಚನ್ನವ್ವ ನಿಂತಿದ್ದಳು. ಹಳದಿ ಹೂ ನೋಡಿ ಆ ಒಂದು ಮಾತು ಆಡಿದಳು. ತವರಿನ ಗಿಡ ಎದುರಿಗಿದ್ದರೆ ಈ ಊರು ಒಗ್ಗೀತೆಂದು ಅವನು ಮರುದಿನವೇ ಒಂದು ಸಸಿ ಕಿತ್ತು ತಂದು ಬಾಗಿಲೆದುರು ನೆಟ್ಟಿದ್ದ. ಗಿಡ ಈಗ ಎದೆಮಟ್ಟಕ್ಕೆ ಬಂದಿತ್ತು. ಚನ್ನವ್ವ ಮಾತ್ರ ಇನ್ನೂ ಕಿಟಕಿಯಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆ ಚಾಳಿನವರು ಅಂಗಳ ಬೋಳಿಸಲು ಬಂದರು. ಮಾಟುಂಗದ ಹೋಟೆಲಿನಲ್ಲಿ ದೋಸೆ ಹುಯ್ಯುವ ಅಣ್ಣು ಕತ್ತಿ ಹಿಡಿದು ಮುಂದೆ, ಅವನ ಹೆಂಡತಿ ರಾಜೀವಿ ಪೊರಕೆ ಹಿಡಿದು ಹಿಂದೆ.

“ಎಂಥದು ನೀಲಕಂಠಪ್ಪನವ್ರೇ, ಸೊಳ್ಳೆಗಳಿಗೆ ಬಿಲ್ಡಿಂಗ್ ಕಟ್ಟಿಸಿ ಕೊಟ್ಟಿದ್ದೀರಾ?” ಎಂದ ಅಣ್ಣು.

“ಔಷಧಿ ಗಿಡ ಐತ್ರಿ ಅದು. ಎಲಿ ಬಿಸಿ ಮಾಡಿ ಕಟ್ಟಿದ್ರ ಮಣಕಾಲು ನೋವು ಹೋಗ್ತೈತಿ.”

ಹೇಳಬಾರದಿತ್ತು. ಚಾಳಿನಲ್ಲಿ ಇಷ್ಟೊಂದು ಮೊಣಕಾಲುಗಳಿವೆಯೆಂದು ಅವನಿಗೆ ಗೊತ್ತಿರಲಿಲ್ಲ. ನಲ್ಲಿಯ ಮುಂದಿದ್ದ ಸಾಲು ಗಿಡದ ಮುಂದೆ ಬಂದು ನಿಂತಿತು. ಅರ್ಧದಷ್ಟು ಎಲೆ ಖಾಲಿಯಾದ ಮೇಲೆ ಅವನು ಗಿಡದ ಬುಡದಲ್ಲೇ ಕೂತುಬಿಟ್ಟ, ಲೋಕಲ್ ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕವನ ಹಾಗೆ.

“ಏಳಿ ಮಾರಾಯ್ರೆ,” ಎಂದ ಅಣ್ಣು. “ಮುಂಬಯಿ ಯಾರಿಗೆ, ಮಹಾರಾಷ್ಟ್ರಕ್ಕಾ ಗುಜರಾತಿಗಾ ಅಂತ ಅಲ್ಲಿ ಗಲಾಟೆ ಆಗ್ತಾ ಉಂಟು. ಗಿಡ ಯಾರಿಗೆ ಅಂತ ಇಲ್ಲಿಯಾ?”

“ಮೊದಲ ನನ್ನ ಕಡೀರಿ, ಆಮ್ಯಾಲ ಗಿಡ.”

“ನಿಮ್ಮನ್ನು ಕಡಿದ್ರೆ ಅಂಗಳ ಗುಡಿಸುವುದು ಯಾರು?” ಎಂದಳು ರಾಜೀವಿ.

ಅಲ್ಲಿಗೆ ರಾಜಿಯಾಯಿತು. ಗಿಡ ಉಳಿಯಬೇಕಾದರೆ ಪ್ರತಿ ಭಾನುವಾರ ಇಡೀ ಅಂಗಳ ಅವನೇ ಗುಡಿಸಬೇಕು. ಒಪ್ಪಿದ. ಗಟಾರವೂ ಅಂಗಳಕ್ಕೇ ಸೇರಿದ್ದೆಂದು ಅಣ್ಣು ನೆನಪಿಸಿದ. ಅದಕ್ಕೂ ಒಪ್ಪಿದ.

ಸಂಜೆ, ತುತ್ತಿ ಹೂ ಅರಳುವ ಹೊತ್ತಿಗೆ, ನೀಲಕಂಠಪ್ಪ ಗಟಾರದ ವಾಸನೆ ಹೊತ್ತು ಒಳಗೆ ಬಂದ. ಬಗ್ಗಿದ ಬೆನ್ನು ನೆಟ್ಟಗಾಗಲೊಲ್ಲದು. ಸ್ನಾನವಾದ ಮೇಲೆ ಚನ್ನವ್ವ ಅವನನ್ನು ಬೋರಲು ಮಲಗಿಸಿ ಬಿಸಿ ಎಣ್ಣೆ ತಿಕ್ಕಿದಳು. ತಿಕ್ಕುತ್ತಾ ತಿಕ್ಕುತ್ತಾ ನಕ್ಕಳು. ಈ ಮನೆಯಲ್ಲಿ ಅವನು ಕೇಳಿದ ಮೊದಲ ನಗು ಅದು.

“ಸಣ್ಣಾಕಿದ್ದಾಗ ಹಿತ್ತಲದಾಗ ಆ ತುತ್ತಿ ಕಸ ಕಿತ್ತೂ ಕಿತ್ತೂ ನನ್ನ ಕೈಯಾಗ ಬೊಬ್ಬಿ ಏಳ್ತಿದ್ದೂರಿ. ಅದನ್ನ ಕಂಡ್ರ ಆಗ್ತಿರಲಿಲ್ಲ ನನಗ.”

ನೀಲಕಂಠಪ್ಪ ಚಾಪೆಯ ಅಂಚು ನೋಡುತ್ತಾ ಮಲಗಿದ್ದ.

“ನಿಮಗ ಅದರ ಮ್ಯಾಲ ಜೀವ ಅಂತ ಸುಮ್ಮನಿದ್ದೆ. ಇವತ್ತ ಅದರ ಸಲುವಾಗಿ ಎಲ್ಲಾರ ಮುಂದ ಕುಂತ್ರಲ್ಲ. ಒಂದು ಕಾಡಗಿಡಕ್ಕ ಇಷ್ಟು ಮಾಡಾಂವ ನನ್ನನ್ನೂ ಕೈ ಬಿಡಾಂಗಿಲ್ಲ ಅನಸ್ತು. ಈ ಊರಾಗ ಇರಬಹುದು ಅನಸ್ತು.”

ನಿಜ ಹೇಳಲೆಂದು ಅವನು ಏಳಹೋದ.

“ಏಳಬ್ಯಾಡ್ರಿ. ರಾಜೀವಕ್ಕನ ತಮ್ಮ ಬೊರಿವಲಿಯಾಗ ಇದ್ದಾನಂತ, ಅಲ್ಲಿ ಇದು ರಾಶಿ ಬೆಳದೈತಂತ. ಇನ್ನೂ ನಾಕು ಸಸಿ ತರಾಕ ಹೇಳೀನಿ. ಒಮ್ಮಿ ಬೇರು ಬಿಟ್ರ ವರ್ಷಾನುಗಟ್ಲೆ ಸಾಯಂಗಿಲ್ಲ ಅವು.”

ಮುಂದಿನ ಭಾನುವಾರಗಳಲ್ಲಿ ನೀಲಕಂಠಪ್ಪ ಅಂಗಳ ಗುಡಿಸಿದ, ಗಟಾರ ಬಳಿದ, ಐದು ಗಿಡಗಳಿಗೂ ನೀರು ಹಾಕಿದ. ಮೊದಲನೆಯದನ್ನು ಅವಳಿಗಾಗಿ ನೆಟ್ಟಿದ್ದೆಂದು ಎಂದೂ ಹೇಳಲಿಲ್ಲ.